250 ರೂಪಾಯಿಯ ಹೆಲ್ಮೆಟ್ ಬಿಚ್ಚಿ ನೋಡಿದ ಮೇಲೆ

ಕಲಬುರಗಿಯ ರಿಂಗ್ ರೋಡಿನಲ್ಲಿ ಪೊಲೀಸರು ನಿಂತ ದಿನವೇ ಹೆಲ್ಮೆಟ್ ಮಾರುವವರೂ ಬಂದು ನಿಲ್ಲುತ್ತಾರೆ. ಒಮ್ಮೆ ಅಲ್ಲೇ ಅರ್ಧ ತಲೆಗೆ ಬರುವ ಒಂದು ಟೋಪಿ ತಗೊಂಡಿದ್ದೆ. ದಂಡ 500, ಟೋಪಿ 250. ಲೆಕ್ಕ ಸರಿ ಅನಿಸಿತ್ತು. ಎರಡು ವರ್ಷ ಅದನ್ನೇ ಹಾಕಿಕೊಂಡು ದಿನಾ ಶಹಾಬಾದಕ್ಕೆ ಹೋಗಿ ಬಂದೆ. ಒಂದು ಭಾನುವಾರ ಒಳಗಿನ ಬಟ್ಟೆ ಕಿತ್ತಿದೆ ಅಂತ ಹೊಲಿಯಲು ಕೂತೆ. ಬಟ್ಟೆಯ ಕೆಳಗೆ ಸ್ಪಂಜು, ಸ್ಪಂಜಿನ ಕೆಳಗೆ ಪ್ಲಾಸ್ಟಿಕ್. ಥರ್ಮೋಕೋಲ್ ಇಲ್ಲವೇ ಇಲ್ಲ!

ಹೊರಗಿನ ಚಿಪ್ಪು ಎಷ್ಟೇ ಗಟ್ಟಿ ಇರಲಿ, ಪೆಟ್ಟು ನುಂಗುವುದು ಒಳಗಿನ ಥರ್ಮೋಕೋಲ್. ಅದು ತಾನು ಅಪ್ಪಚ್ಚಿಯಾಗಿ ತಲೆಗೆ ತಗಲುವ ಜೋರು ತಗ್ಗಿಸುತ್ತದೆ. ಹಾಗೆ ಒಮ್ಮೆ ಅಪ್ಪಚ್ಚಿಯಾದದ್ದು ಮತ್ತೆ ಉಬ್ಬುವುದಿಲ್ಲ. ಸ್ಪಂಜು ಇರುವುದು ತಲೆಗೆ ಮೆತ್ತಗಿರಲಿ ಅಂತ, ಅಷ್ಟೇ.

ಮರುದಿನ ಸಂಜೆ ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋದೆ. ಮೊದಲ ಅಂಗಡಿಯವನು ಹೆಲ್ಮೆಟನ್ನು ನೆಲಕ್ಕೆ ಬಡಿದ. "ನೋಡ್ರಿ ಅಣ್ಣಾರ, ಏನಾರ ಆಯ್ತೇನ್ರಿ?" ಅಂದ. ಏನೂ ಆಗಿರಲಿಲ್ಲ. ಆದರೆ ಅದರಿಂದ ಗೊತ್ತಾಗುವುದು ಚಿಪ್ಪು ಒಡೆಯಲಿಲ್ಲ ಎಂಬುದು ಮಾತ್ರ. ದಿನಕ್ಕೆ ಎಷ್ಟು ಸಲ ಅದನ್ನು ಬಡಿಯುತ್ತಾನೋ, ಆ ಪೀಸಂತೂ ನನಗೆ ಬೇಡವಾಯಿತು. ನಾನು ಬಟ್ಟೆ ಸರಿಸಿ ಒಳಗೆ ಬೆರಳಿಟ್ಟೆ. ಅಲ್ಲೂ ಸ್ಪಂಜೇ.

2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವ ಹಾಗಿಲ್ಲ. ಅದಕ್ಕೇ ಈಗ ಎಲ್ಲದರ ಮೇಲೂ ಐಎಸ್‌ಐ ಸ್ಟಿಕ್ಕರ್ ಇರುತ್ತದೆ. ಸ್ಟಿಕ್ಕರ್ ಅಚ್ಚು ಹಾಕುವುದೇನು ದೊಡ್ಡ ಕೆಲಸ, ಅಲ್ವಾ? ನಾನು ನೋಡುವುದು ಗುರುತಿನ ಮೇಲೆ ಹೆಲ್ಮೆಟ್ ಮಾನದಂಡದ ನಂಬರಾದ ಐಎಸ್ 4151 ಇದೆಯಾ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇದೆಯಾ ಅಂತ. ಆ ನಂಬರನ್ನು ಅಂಗಡಿಯಲ್ಲೇ ನಿಂತು, ಈ ಗುರುತು ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕುತ್ತೇನೆ. ಲೈಸೆನ್ಸ್ ಯಾರದು, ಯಾವ ಮಾಲಿನದು, ಚಾಲ್ತಿಯಲ್ಲಿದೆಯಾ ಎಂದು ತೋರಿಸುತ್ತದೆ. ಅವತ್ತು ಒಂದರಲ್ಲಿ ನಂಬರೇ ಇರಲಿಲ್ಲ. ಇನ್ನೊಂದರದು ಬೇರೆಯೇ ಕಂಪನಿಯ ಹೆಸರು ತೋರಿಸಿತು. ಅಂಗಡಿಯವರು "ನೆಟ್ ಸರಿ ಇಲ್ರಿ" ಅಂದರು. ನೆಟ್ ಚೆನ್ನಾಗಿಯೇ ಇತ್ತು.

ಮೂರನೇ ಅಂಗಡಿಯಲ್ಲಿ 900ಕ್ಕೆ ಸಿಕ್ಕಿತು. ಹೆಸರು, ನಂಬರ್ ಎರಡೂ ತಾಳೆಯಾದವು. ಒಳಗೆ ಬೆರಳಿಗಿಂತ ದಪ್ಪ ಥರ್ಮೋಕೋಲ್, ಉಗುರಿನಿಂದ ಒತ್ತಿದರೂ ಸುಲಭಕ್ಕೆ ತಗ್ಗಲಿಲ್ಲ. ನಂಬರ್ ಕದ್ದು ಹಾಕಿರಬಹುದು, ಅದಕ್ಕೇ ನಂಬರ್, ಥರ್ಮೋಕೋಲ್ ಎರಡನ್ನೂ ನೋಡಬೇಕು.

ಆಮೇಲೆ ಅಳತೆ. ಹುಬ್ಬಿನ ಮೇಲಿಂದ ಟೇಪು ಸುತ್ತಿದರೆ ನನ್ನದು 58 ಸೆಂಟಿಮೀಟರ್. ಪಟ್ಟಿ ಬಿಗಿದು, ಹಿಂದಿನ ಅಂಚಿಗೆ ಕೈ ಹಾಕಿ ಮೇಲಕ್ಕೂ ಮುಂದಕ್ಕೂ ಜೋರಾಗಿ ತಳ್ಳಿದೆ. ಕಳಚಿ ಬರಲಿಲ್ಲ. ತಲೆ ಅಲ್ಲಾಡಿಸಿದಾಗ ಕೆನ್ನೆಯ ಚರ್ಮವೂ ಜೊತೆಗೇ ಎಳೆಯಿತು. ಅಷ್ಟು ಬಿಗಿ ಬೇಕು. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಹೆದರಿ ಒಂದು ಸೈಜು ದೊಡ್ಡದು ತಗೊಳ್ಳುವವರಿದ್ದಾರೆ. ಹೆಲ್ಮೆಟ್ ಸಡಿಲ ಇದ್ದರೆ, ನಾವು ಬಿದ್ದಾಗ ತಲೆ ನೆಲಕ್ಕೆ ತಗಲುವ ಮೊದಲೇ ಅದು ಹಾರಿ ಹೋಗಬಹುದು. ಸೆಖೆಗೆ ಒಳಗೊಂದು ತೆಳ್ಳನೆ ಹತ್ತಿ ಬಟ್ಟೆ ಕಟ್ಟಿಕೊಳ್ಳುತ್ತೇನೆ. ಗಾಜು ಮಾತ್ರ ಕಳಪೆ, ಆರು ತಿಂಗಳಿಗೆ ಗೀರಾಯಿತು. ರಾತ್ರಿ ಎದುರಿನ ಲೈಟು ಚದುರಿ ಕಾಣುತ್ತಿತ್ತು, ಹೊಸ ಗಾಜು ಹಾಕಿಸಿದೆ.

ಹಿಂದೆ ಕೂರುವವರಿಗೂ ಕಾನೂನು ಒಂದೇ. ಮನೆಯವಳನ್ನು ಕರೆದುಕೊಂಡು ಅದೇ ಅಂಗಡಿಗೆ ಹೋದೆ. ತುರುಬು ಕಟ್ಟಿಕೊಂಡೇ ಹಾಕಿದಳು, ಹೆಲ್ಮೆಟ್ ಮೇಲಕ್ಕೆದ್ದು ನಿಂತಿತು. ಅಂಗಡಿಯವರು ದೊಡ್ಡ ಸೈಜು ಕೊಡಲು ಹೊರಟರು. ಅವಳು ತುರುಬು ಬಿಚ್ಚಿ ಜಡೆ ಇಳಿಬಿಟ್ಟು ಮತ್ತೆ ಹಾಕಿದಳು. ನನ್ನದಕ್ಕಿಂತ ಎರಡು ಸೈಜು ಚಿಕ್ಕದೇ ಸರಿಯಾಗಿ ಕೂತಿತು.