ಎಂಜಿನ್ ಆಫ್ ಮಾಡಿ ನೋಡಿದ ಕ್ರೂಗರ್

ಬಂಡೀಪುರ, ಕಬಿನಿಗೆ ಸಫಾರಿ ಹೋದಾಗೆಲ್ಲ ನನಗೊಂದು ಆಸೆ ಹಾಗೇ ಉಳಿದುಬಿಡುತ್ತಿತ್ತು. ಒಂದು ಕಡೆ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಸುಮ್ನೆ ಕೂತು ಕಾಡಿನ ಸದ್ದು ಕೇಳಬೇಕು. ಆದರೆ ಜೀಪು ನಮ್ಮದಲ್ಲ, ಜೊತೆಗಿದ್ದವರಿಗೆ ಹುಲಿ ನೋಡುವ ಅವಸರ. ದಕ್ಷಿಣ ಆಫ್ರಿಕಾದ ಕ್ರೂಗರ್ ನ್ಯಾಷನಲ್ ಪಾರ್ಕಿನಲ್ಲಿ ನಾವೇ ಕಾರು ಓಡಿಸಿಕೊಂಡು ತಿರುಗಬಹುದು ಅಂತ ಗೊತ್ತಾದ ಮೇಲೆ ನಾನೂ ಹೆಂಡತಿಯೂ ಎರಡು ವರ್ಷ ದುಡ್ಡು ಕೂಡಿಟ್ಟು ಹೊರಟೆವು.

ಹೋಗಿದ್ದು ಆಗಸ್ಟ್‌ನಲ್ಲಿ. ಅಲ್ಲಿ ಆಗ ಒಣ ಚಳಿಗಾಲ. ಹುಲ್ಲು ಒಣಗಿರುತ್ತದೆ, ಗಿಡಗಳಲ್ಲಿ ಎಲೆ ಕಡಿಮೆ, ಪ್ರಾಣಿಗಳು ನೀರಿರುವ ಕಡೆ ಬರುತ್ತವೆ. ಮಲೇರಿಯಾ ಇರುವ ಜಾಗವಾದ್ದರಿಂದ ಡಾಕ್ಟರನ್ನು ಕೇಳಿ ಮಾತ್ರೆ ಶುರು ಮಾಡಿದ್ದೆವು. ಜೊಹಾನೆಸ್‌ಬರ್ಗ್‌ನಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡೆವು. ಅಲ್ಲೂ ನಮ್ಮ ಹಾಗೇ ಎಡಗಡೆ ಓಡಿಸುವುದು, ಹಾಗಾಗಿ ಕಷ್ಟವಾಗಲಿಲ್ಲ. ಮುಖ್ಯ ರಸ್ತೆಗಳೆಲ್ಲ ಟಾರು, ಫೋರ್ ವೀಲ್ ಡ್ರೈವ್ ಬೇಕಿಲ್ಲ. ಸ್ವಲ್ಪ ಎತ್ತರದ ಕಾರು ಸಿಕ್ಕರೆ ಮಾತ್ರ ಬಿಡಬೇಡಿ.

ಮೊದಲ ದಿನ ಲೆಕ್ಕ ತಪ್ಪಿತು. ಪಾರ್ಕು ಸುಮಾರು 19,500 ಚದರ ಕಿಲೋಮೀಟರ್. ಪಾರ್ಕಿನೊಳಗೆ ರಾತ್ರಿ ಉಳಿದುಕೊಳ್ಳುವ ಕ್ಯಾಂಪುಗಳಲ್ಲಿ ಸ್ಕುಕುಜಾದಿಂದ ಸಟಾರಾಗೆ 90 ಕಿಲೋಮೀಟರ್ ಚಿಲ್ಲರೆ, ಎರಡು ಗಂಟೆ ಸಾಕು ಅಂದುಕೊಂಡೆ. ಆದರೆ ದಾರಿಯಲ್ಲಿ ತಡವಾದರೆ ಜೋರಾಗಿ ಓಡಿಸಿ ಸರಿಮಾಡಿಕೊಳ್ಳಲು ಆಗುವುದಿಲ್ಲ, ಟಾರು ರಸ್ತೆಯಲ್ಲಿ 50ರ ಮೇಲೆ, ಮಣ್ಣು ರಸ್ತೆಯಲ್ಲಿ 40ರ ಮೇಲೆ ಹೋಗುವ ಹಾಗಿಲ್ಲ. ಆಗಸ್ಟ್‌ನಲ್ಲಿ ಸಂಜೆ ಆರಕ್ಕೆ ಕ್ಯಾಂಪಿನ ಗೇಟು ಮುಚ್ಚುತ್ತಾರೆ. ದಾರಿಯಲ್ಲಿ ಒಂದು ಸಲಗ ಅಡ್ಡ ನಿಂತಿತ್ತು. ಕಿವಿಯ ಮುಂದೆ ಕಪ್ಪಗೆ ಮದ ಸುರಿಯುತ್ತಿತ್ತು. ಊರಲ್ಲಿ ಕಲಿತ ಪಾಠ ಇಲ್ಲೂ ಅದೇ ಅಲ್ವಾ? ಹಾರ್ನ್ ಮಾಡಲಿಲ್ಲ, ನಿಧಾನಕ್ಕೆ ರಿವರ್ಸ್ ತೆಗೆದುಕೊಂಡು ದೂರ ನಿಂತೆ. ಅದು ರಸ್ತೆ ಬಿಡಲು ಅರ್ಧ ಗಂಟೆ ಹಿಡಿಯಿತು. ಗೇಟು ಸೇರಿದಾಗ ಆರಕ್ಕೆ ಐದು ನಿಮಿಷ ಇತ್ತು, ಕೈ ನಡುಗುತ್ತಿತ್ತು. ಮರುದಿನದಿಂದ ಒಂದು ದಿನಕ್ಕೆ ಒಂದೇ ರಸ್ತೆ ಅಂತ ತೀರ್ಮಾನ ಮಾಡಿದೆವು.

ನಾಲ್ಕನೇ ದಿನ ಲೋವರ್ ಸಾಬಿ ಕ್ಯಾಂಪಿನಿಂದ ಬೆಳಗ್ಗೆ ಆರಕ್ಕೆ ಗೇಟು ತೆಗೆದ ಕೂಡಲೇ ಹೊರಟೆವು. ಸಾಬಿ ನದಿಯ ಪಕ್ಕದ ರಸ್ತೆ ಅದು. ನದಿಯುದ್ದಕ್ಕೂ ನಮ್ಮ ಅತ್ತಿಯ ಜಾತಿಯದೇ ದೊಡ್ಡ ದೊಡ್ಡ ಮರಗಳು. ಚಳಿ ಜಾಸ್ತಿ ಇದ್ದರೂ ಕಿಟಕಿ ಇಳಿಸಿಕೊಂಡೇ ಹೋಗುತ್ತಿದ್ದೆವು.

"ರೀ, ಗಾಡಿ ಆಫ್ ಮಾಡಿ," ಅಂದಳು ಹೆಂಡತಿ. "ಮುಸುವ ಕೂಗಿದ ಹಾಗಿದೆ."

ಅವಳು ಗುಂಡ್ಲುಪೇಟೆ ಕಡೆಯವಳು. ಚಿರತೆ ಕಂಡರೆ ಮುಸುವ ಹೇಗೆ ಕೂಗುತ್ತದೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಕೂಗುತ್ತಿದ್ದದ್ದು ವರ್ವೆಟ್ ಕೋತಿಗಳು. ಅವುಗಳ ಮುಖವೂ ಕಪ್ಪು. ಚಿರತೆಗೆ ಒಂದು ಕೂಗು, ಹದ್ದಿಗೆ ಒಂದು, ಹಾವಿಗೆ ಇನ್ನೊಂದು ಅಂತ ಬೇರೆ ಬೇರೆ ಕೂಗುತ್ತವೆ. ಎಲ್ಲವೂ ಮರದ ತುದಿ ಸೇರಿ ಕೆಳಗೆ ಒಂದೇ ಕಡೆ ನೋಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಇಂಪಾಲಾ ಜಿಂಕೆಯೊಂದು ಮೂಗಿನಿಂದ ಜೋರಾಗಿ ಸೀನಿದ ಹಾಗೆ ಸದ್ದು ಮಾಡಿತು. ನಾಲ್ಕು ಕಾರು ನಮ್ಮನ್ನು ದಾಟಿ ಹೋದವು. ಎಂಜಿನ್ ಸದ್ದಿನಲ್ಲಿ ಇದ್ಯಾವುದೂ ಅವರಿಗೆ ಕೇಳಿಸಿರಲಾರದು. ನಾವು ಅಲುಗಾಡಲಿಲ್ಲ.

ನಲವತ್ತು ನಿಮಿಷದ ಮೇಲೆ ಒಣ ಹುಲ್ಲಿನಿಂದ ಹೆಣ್ಣು ಚಿರತೆ ಎದ್ದು ಬಂತು. ನಮ್ಮ ಕಾರಿನ ಮುಂದೆಯೇ ರಸ್ತೆ ದಾಟಿತು, ಒಮ್ಮೆಯೂ ಈ ಕಡೆ ನೋಡಲಿಲ್ಲ. ಕ್ಯಾಮೆರಾ ತೊಡೆಯ ಮೇಲೇ ಇತ್ತು, ಎತ್ತಿಕೊಳ್ಳಲು ಮನಸ್ಸಾಗಲಿಲ್ಲ. ಅದು ಪೊದೆಯೊಳಗೆ ಹೋದ ಮೇಲೂ ಕೋತಿಗಳ ಕೂಗು ಅದು ಹೋದ ದಿಕ್ಕಿನಲ್ಲೇ ಮರದಿಂದ ಮರಕ್ಕೆ ಮುಂದುವರಿಯುತ್ತಾ ಹೋಯಿತು. ಪೂರ್ತಿ ನಿಲ್ಲುವವರೆಗೂ ಕೇಳಿಸಿಕೊಂಡು, ಆಮೇಲೆ ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡೆವು.