ಹಿಂದಿನ ಕೋಣೆಗೆ ವೈಫೈ ಎಳೆದದ್ದು

ನಮ್ಮದು ಮಲೆನಾಡಿನ ಹಳೇ ಮನೆ. ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಫೈಬರ್ ಬಂದು ನಿಂತಿದ್ದು ಮುಂದಿನ ಜಗಲಿಯಲ್ಲಿ, ನಾನು ಕೆಲಸ ಮಾಡುವುದು ಹಿಂದಿನ ಕೋಣೆಯಲ್ಲಿ. ನಡುವೆ ಮೂರು ಗೋಡೆ. ಮೀಟಿಂಗ್ ಅಂದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆ ಬಾಗಿಲಿಗೆ ಬಂದು ಕೂರಬೇಕು. ಅಮ್ಮನ ಒಗ್ಗರಣೆ ಸದ್ದು ಆಫೀಸಿನವರಿಗೆಲ್ಲ ಪರಿಚಯವಾಗಿತ್ತು.

ಮೊದಲು ಪ್ಲಗ್ಗಿಗೆ ಸಿಕ್ಕಿಸುವ ರಿಪೀಟರ್ ತಂದೆ. ಸಿಗ್ನಲ್ ಕಡ್ಡಿ ಪೂರ್ತಿ ಕಾಣಿಸುತ್ತಿತ್ತು, ವಿಡಿಯೋ ಮಾತ್ರ ನಿಂತು ನಿಂತು ಬರುತ್ತಿತ್ತು. ಅಂಥ ಅಗ್ಗದ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು, ಅದರಲ್ಲೇ ಮತ್ತೆ ಹೇಳಬೇಕು. ಅರ್ಧ ವೇಗ ಅಲ್ಲೇ ಹೋಗುತ್ತದೆ. ದುಡ್ಡು ದಂಡ.

ಆಮೇಲೆ ಅಟ್ಟದಲ್ಲಿ ಸುಮ್ನೆ ಬಿದ್ದಿದ್ದ ಹಳೇ ರೂಟರ್ ನೆನಪಾಯಿತು. ಪೇಟೆಯಿಂದ 25 ಮೀಟರ್ ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ ತಂದು ತೊಲೆಗಳ ಮೇಲೆ ಎಳೆದೆ. 100 ಮೀಟರ್‌ವರೆಗೆ ಚಿಂತೆಯಿಲ್ಲ. ತುದಿಯ ತಂತಿಗಳನ್ನು ಪ್ಲಗ್ಗಿನೊಳಗೆ ಕೂರಿಸಿ ಅದುಮಿದ್ದು, ಅಂದರೆ ಕ್ರಿಂಪ್ ಮಾಡಿದ್ದು ನಾನೇ, ಮೊದಲ ಸಲ ತಪ್ಪಿತು. ಬಿಳಿ-ಹಸಿರು ತಂತಿಯ ಪಕ್ಕದಲ್ಲೇ ಹಸಿರನ್ನು ಕೂರಿಸಲು ಕೈ ಹೋಗುತ್ತದೆ. ಹಾಗಲ್ಲ, ಆ ಎರಡರ ನಡುವೆ ನೀಲಿ ಮತ್ತು ಬಿಳಿ-ನೀಲಿ ಬರಬೇಕು.

ಎರಡೂ ರೂಟರ್‌ಗಳ ಲ್ಯಾನ್ ಪೋರ್ಟಿಗೆ, ಅಂದರೆ ಮನೆಯೊಳಗಿನ ಸಾಧನಗಳಿಗೆಂದು ಇರುವ ತೂತಿಗೆ, ಕೇಬಲ್ ಸಿಕ್ಕಿಸಿದೆ. ಲೈಟ್ ಬಂತು. ಆದರೆ ಅಪ್ಪನ ಫೋನಿಗೆ ನೆಟ್ ಬಂದರೆ ನನ್ನದಕ್ಕಿಲ್ಲ, ನನ್ನದಕ್ಕೆ ಬಂದರೆ ಟಿವಿಗಿಲ್ಲ! ಕೊನೆಗೆ ನೋಡಿದರೆ ಎರಡೂ ಜಾಲದಲ್ಲಿ ಒಂದೇ ವಿಳಾಸ ಹಿಡಿದು 'ನಾನೇ 192.168.1.1' ಎನ್ನುತ್ತಾ ಕೂತಿದ್ದವು. ಜೊತೆಗೆ ಎರಡೂ ಡಿಎಚ್‌ಸಿಪಿ ಎಂಬ ವ್ಯವಸ್ಥೆಯಿಂದ ಫೋನು, ಟಿವಿಗಳಿಗೆ ವಿಳಾಸ ಹಂಚುತ್ತಿದ್ದವು. ಒಂದೇ ಮನೆಗೆ ಇಬ್ಬರು ಯಜಮಾನರು.

ಹಳೇದನ್ನು ಜಾಲದಿಂದ ಬಿಡಿಸಿ, ಬರೀ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಕೂತೆ. ಅವಸರದಲ್ಲಿ ಮೊದಲು ಡಿಎಚ್‌ಸಿಪಿ ಆಫ್ ಮಾಡಿಬಿಟ್ಟೆ. ವಿಳಾಸ ಕೊಡುವವರಿಲ್ಲದೆ ಲ್ಯಾಪ್‌ಟಾಪ್ ತಾನೇ 169.254 ಎಂದು ಶುರುವಾಗುವ ವಿಳಾಸ ಇಟ್ಟುಕೊಂಡಿತು, ರೂಟರಿನ ಪುಟ ತೆರೆಯಲೇ ಇಲ್ಲ. ಸೇಫ್ಟಿ ಪಿನ್ನಿನಿಂದ ರೀಸೆಟ್ ಒತ್ತಿ ಮತ್ತೆ ಮೊದಲಿನಿಂದ. ಈ ಸಲ ಮೊದಲು ಅದರ ವಿಳಾಸವನ್ನು 192.168.1.2 ಮಾಡಿದೆ. ಹೊಸ ವಿಳಾಸದಲ್ಲಿ ಲಾಗಿನ್ ಆಗಿ ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಮುಂದಿನ ರೂಟರಿನಂತೆಯೇ ಇಟ್ಟೆ. ಎರಡರ ಸಿಗ್ನಲ್ ಒಂದಕ್ಕೊಂದು ಅಡ್ಡ ಬರದಂತೆ 2.4 ಗಿಗಾಹರ್ಟ್ಸ್ ಚಾನೆಲ್ ಮುಂದಿನದಕ್ಕೆ 1, ಹಿಂದಿನದಕ್ಕೆ 11. ಡಿಎಚ್‌ಸಿಪಿ ಆಫ್ ಮಾಡಿದ್ದು ಕಟ್ಟಕಡೆಗೆ. ಮುಂದಿನ ರೂಟರ್ ಕೊನೆಯ ಸಂಖ್ಯೆ 100ರಿಂದ ಆಚೆಗಿರುವ ವಿಳಾಸಗಳನ್ನಷ್ಟೇ ಹಂಚುವಂತೆಯೂ ಮಾಡಿದೆ. ಇಲ್ಲದಿದ್ದರೆ ಯಾವತ್ತೋ ಒಂದು ದಿನ ಆ 2 ಇನ್ಯಾರ ಫೋನಿಗೋ ಹೋಗುತ್ತದೆ, ಅಲ್ವಾ?

ಹಳೇದರ ವ್ಯಾನ್ ಪೋರ್ಟ್, ಅಂದರೆ ಹೊರಗಿನ ಇಂಟರ್ನೆಟ್ಟಿಗೆಂದು ಇರುವ ತೂತು, ಖಾಲಿಯೇ ಇದೆ. ಅದಕ್ಕೆ ಹಾಕಿದರೂ ನಡೆಯುತ್ತದೆ, ಆಗ ಅದರ ವಿಳಾಸದ ಸಾಲೇ ಬೇರೆ ಇರಬೇಕು. ಆದರೆ ಹಿಂದಿನ ಕೋಣೆ ಬೇರೆಯೇ ಜಾಲವಾಗುತ್ತದೆ, ಜಗಲಿಯ ಪ್ರಿಂಟರ್ ನನ್ನ ಲ್ಯಾಪ್‌ಟಾಪಿಗೆ ತಾನಾಗಿ ಕಾಣುವುದಿಲ್ಲ. ನನಗೆ ಆ ತಾಪತ್ರಯ ಬೇಡವಾಗಿತ್ತು.

ಜಗಲಿಯಿಂದ ಹಿಂದಕ್ಕೆ ನಡೆದುಬಂದರೆ ಫೋನ್ ತಾನಾಗಿ ರೂಟರ್ ಬದಲಿಸುತ್ತದೆ. ಒಮ್ಮೊಮ್ಮೆ ಜಗಲಿಯ ಸಿಗ್ನಲನ್ನೇ ಹಿಡಿದುಕೊಂಡು ಹಟ ಮಾಡುತ್ತದೆ. ವೈಫೈ ಆಫ್ ಮಾಡಿ ಆನ್ ಮಾಡಿದರೆ ಸರಿ.

ಸಿಡಿಲಿನ ವಿಷಯ ನನಗೆ ಹೊಳೆದಿರಲಿಲ್ಲ. ಫೈಬರಿನ ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ನಾನು ಎಳೆದದ್ದು ತಾಮ್ರ. ಏಪ್ರಿಲ್‌ನ ಒಂದು ಸಂಜೆ ಹಳೇ ರೂಟರಿನ ಒಂದು ಲ್ಯಾನ್ ಪೋರ್ಟ್ ಸತ್ತಿತು. ಈಗ ಗುಡುಗಿದರೆ ಅಪ್ಪ ಎದ್ದು ಹೋಗಿ ಅಡಾಪ್ಟರ್ ಜೊತೆ ಆ ನೀಲಿ ಕೇಬಲನ್ನೂ ಕೀಳುತ್ತಾರೆ, ನಾನು ಮೀಟಿಂಗಿನಲ್ಲಿದ್ದರೂ ಸರಿಯೇ.