ಗೋವಾದ ಕನ್ನಡ ಮನೆಗಳಲ್ಲಿ ಅಯೋಡಿನ್ ಉಪ್ಪು: ಕೊಳ್ಳುವ, ಕಾಪಾಡುವ, ಬಳಸುವ ಬಗೆ

ಮಡಗಾಂವ್, ವಾಸ್ಕೊ, ಪೊಂಡಾಗಳಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಉಪ್ಪು ಇರುತ್ತದೆ. ಒಂದು ಪೊಟ್ಟಣದ ಪುಡಿ ಉಪ್ಪು. ಇನ್ನೊಂದು, ಮಳೆಗಾಲದ ದಾಸ್ತಾನಿಗೆಂದು ಮೇ ತಿಂಗಳ ಪುರುಮೆಂತ್ ಸಂತೆಯಿಂದಲೋ ಉಪ್ಪಿನಾಗರಗಳ ಪಕ್ಕದ ರಸ್ತೆಬದಿಯಿಂದಲೋ ತಂದ ಹರಳುಪ್ಪು. ಯಾವುದನ್ನು ಯಾವುದಕ್ಕೆ ಬಳಸಬೇಕೆಂಬುದನ್ನು ಮೊದಲು ನಿರ್ಧರಿಸಿಕೊಳ್ಳಿ. ಕಡಲ ನೀರಿನಿಂದ ತೆಗೆದ ಉಪ್ಪಿನಲ್ಲಿ ಅಯೋಡಿನ್ ತಾನಾಗಿಯೇ ಇರುತ್ತದೆ ಎಂಬ ನಂಬಿಕೆ ಕರಾವಳಿಯಲ್ಲಿ ಬಲವಾಗಿದೆ. ಆದರೆ ಸಮುದ್ರದ ಕಚ್ಚಾ ಉಪ್ಪಿನಲ್ಲಿ ಉಳಿಯುವ ಅಯೋಡಿನ್ ದೇಹದ ಅಗತ್ಯಕ್ಕೆ ಏನೇನೂ ಸಾಲದು. ಅಯೋಡಿನ್ ಕೊರತೆಯಾದರೆ ಕುತ್ತಿಗೆ ಊದಿಕೊಳ್ಳುವ ಗಳಗಂಡ ಬರುತ್ತದೆ. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾದಾಗ ಇದು ಹಿಮಾಲಯದ ತಪ್ಪಲಿನ ಕಾಯಿಲೆ ಎಂದೇ ಭಾವಿಸಲಾಗಿತ್ತು. ಕರಾವಳಿಯ ಜನರಲ್ಲೂ ಈ ಕೊರತೆ ಇದೆಯೆಂಬುದು ಆಮೇಲಿನ ಸಮೀಕ್ಷೆಗಳಿಂದ ತಿಳಿದುಬಂತು.

ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು. ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ 250 ಮೈಕ್ರೋಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ನಿಯಮದಂತೆ ಉಪ್ಪು ತಯಾರಾಗುವ ಹಂತದಲ್ಲಿ ಕನಿಷ್ಠ 30 ಪಿಪಿಎಂ, ಅಂಗಡಿಯಲ್ಲಿ ಮಾರುವಾಗ ಕನಿಷ್ಠ 15 ಪಿಪಿಎಂ ಅಯೋಡಿನ್ ಇರಬೇಕು. 15 ಪಿಪಿಎಂ ಎಂದರೆ ಒಂದು ಗ್ರಾಂ ಉಪ್ಪಿನಲ್ಲಿ 15 ಮೈಕ್ರೋಗ್ರಾಂ. ಸಲಹೆಯಂತೆ ದಿನಕ್ಕೆ ಐದು ಗ್ರಾಂ ಉಪ್ಪನ್ನಷ್ಟೇ ತಿಂದವರಿಗೆ ಹಳೆಯ, ಸಾರ ಇಳಿದ ಪೊಟ್ಟಣದಿಂದ 75 ಮೈಕ್ರೋಗ್ರಾಂ, ಅಂದರೆ ಅಗತ್ಯದ ಅರ್ಧ ಮಾತ್ರ ದೊರೆಯುತ್ತದೆ. 30 ಪಿಪಿಎಂ ಇರುವ ಹೊಸ ಉಪ್ಪಿನಿಂದ ಪೂರ್ತಿ 150 ಸಿಗುತ್ತದೆ. ಆದ್ದರಿಂದ ಕೊಳ್ಳುವಾಗ ಬೆಲೆಗಿಂತ ಮೊದಲು ತಯಾರಿಕೆಯ ದಿನಾಂಕವನ್ನು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅಯೋಡಿನ್ ಸೇರಿಸಲಾಗಿದೆ ಎಂಬ ಬರಹವನ್ನೂ ನಗುವ ಸೂರ್ಯನ ಚಿಹ್ನೆಯನ್ನೂ ಹುಡುಕಿ. ಗೋಧಿ ಹಿಟ್ಟು, ಅಕ್ಕಿಗಳ ಮೇಲಿರುವ ‘+ಎಫ್’ ಗುರುತನ್ನು ಕಂಡು ಅಯೋಡಿನ್ ಸಿಕ್ಕಿತೆಂದು ತಿಳಿಯಬೇಡಿ. ಅವುಗಳಿಗೆ ಸೇರಿಸುವುದು ಮುಖ್ಯವಾಗಿ ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ12. ಸೈಂಧವ ಲವಣದ ಪೊಟ್ಟಣವನ್ನು ಇನ್ನಷ್ಟು ಎಚ್ಚರಿಕೆಯಿಂದ ಓದಬೇಕು, ಏಕೆಂದರೆ ಬೆಲೆ ಹೆಚ್ಚಾದ ಮಾತ್ರಕ್ಕೆ ಅದರಲ್ಲಿ ಅಯೋಡಿನ್ ಇರುವುದಿಲ್ಲ.

ಸಂಶಯ ಬಂದರೆ ಮನೆಯಲ್ಲೇ ನೋಡಬಹುದು. ಆಲೂಗಡ್ಡೆಯೊಂದನ್ನು ಹೆಚ್ಚಿ, ಕೊಯ್ದ ಹಸಿ ಮೈಮೇಲೆ ಚಿಟಿಕೆ ಉಪ್ಪು ಹರಡಿ ಒಂದು ನಿಮಿಷ ಬಿಡಿ. ಮೇಲೆ ಎರಡು ಹನಿ ನಿಂಬೆರಸ ಹಿಂಡಿ. ಅಯೋಡಿನ್ ಇದ್ದರೆ ಉಪ್ಪು ಕರಗಿದ ಜಾಗದಲ್ಲಿ ನೀಲಿ ಬಣ್ಣ ಮೂಡುತ್ತದೆ, ಬರಿಯ ಉಪ್ಪಾದರೆ ಆಲೂಗಡ್ಡೆಯ ಬಣ್ಣ ಹಾಗೆಯೇ ಉಳಿಯುತ್ತದೆ. ಅಯೋಡಿನ್ ಎಷ್ಟಿದೆ ಎಂಬುದು ಇದರಿಂದ ತಿಳಿಯುವುದಿಲ್ಲವಾದರೂ ರಸ್ತೆಬದಿಯ ಹರಳುಪ್ಪಿನ ಬಗ್ಗೆ ಅನುಮಾನ ಪರಿಹರಿಸಿಕೊಳ್ಳಲು ಇಷ್ಟು ಸಾಕು.

ಗೋವಾದ ಮಳೆಗಾಲದಲ್ಲಿ ಉಪ್ಪನ್ನು ಕಾಪಾಡುವುದೇ ದೊಡ್ಡ ಕೆಲಸ. ಜೂನ್ ಬಂತೆಂದರೆ ತೆರೆದಿಟ್ಟ ಉಪ್ಪು ಒಸರಿ ನೀರಾಗುತ್ತದೆ, ಆ ನೀರಿನೊಡನೆ ಅಯೋಡಿನ್ ಕೂಡ ತಳಕ್ಕೆ ಇಳಿಯುತ್ತದೆ. ಒದ್ದೆಯಾಯಿತೆಂದು ಆ ನೀರನ್ನು ಬಸಿದು ಚೆಲ್ಲಿದರೆ ಕೊಂಡದ್ದರ ಪ್ರಯೋಜನವೇ ಹೋದಂತೆ. ಬಿಗಿ ಮುಚ್ಚಳದ ಭರಣಿಯಲ್ಲಿ, ಒಲೆಯಿಂದಲೂ ಬಿಸಿಲಿನಿಂದಲೂ ದೂರದಲ್ಲಿ ಇಡಿ, ಒಣ ಚಮಚವನ್ನೇ ಬಳಸಿ, ಒಂದೆರಡು ತಿಂಗಳಿಗೆ ಬೇಕಾದಷ್ಟನ್ನೇ ತನ್ನಿ. ಅಯೋಡಿನ್ ಸೇರಿಸಿದ ಹರಳುಪ್ಪನ್ನು ಕೊಳೆ ಹೋಗಲೆಂದು ತೊಳೆಯಬೇಡಿ, ಏಕೆಂದರೆ ಸೇರಿಸಿದ್ದು ಹರಳಿನ ಮೇಲ್ಮೈಯಲ್ಲೇ ಇರುತ್ತದೆ. ಸಾರು, ಹುಳಿ, ಪಲ್ಯಗಳಿಗೆ ಇಳಿಸುವ ಹೊತ್ತಿನಲ್ಲಿ ಉಪ್ಪು ಹಾಕಿದರೆ ಕುದಿತದಲ್ಲಿ ಆಗುವ ನಷ್ಟ ಕಡಿಮೆಯಾಗುತ್ತದೆ.

ಆಗರದ ಉಪ್ಪನ್ನು ಬಿಟ್ಟೇಬಿಡಬೇಕೆಂದು ನಾನು ಹೇಳುವುದಿಲ್ಲ. ನೇರವಾಗಿ ತಿನ್ನುವ ಉಪ್ಪಿಗೆ ಅಯೋಡಿನ್ ಸೇರಿಸಲೇಬೇಕೆಂಬ ನಿಯಮ 2006ರ ಮೇ ತಿಂಗಳಿನಿಂದ ದೇಶದೆಲ್ಲೆಡೆ ಜಾರಿಯಲ್ಲಿದ್ದರೂ, ಆಹಾರ ಕೆಡದಂತೆ ಇಡುವುದಕ್ಕೆ ಬೇಕಾದ ಉಪ್ಪನ್ನು ಹಾಗೆಂದು ನಮೂದಿಸಿ ಮಾರಲು ಅವಕಾಶವಿದೆ. ಮೀನು ಒಣಗಿಸಲು, ಮಾವಿನಮಿಡಿ ಹಾಕಲು ಅದನ್ನು ಬಳಸಿ. ನಿತ್ಯದ ಅಡುಗೆಗೂ ರೊಟ್ಟಿಯ ಜೊತೆಗಿನ ಶೇಂಗಾ ಚಟ್ನಿಗೂ ಅಯೋಡಿನ್ ಉಪ್ಪನ್ನೇ ಮೀಸಲಿಡಿ.

ಆಸ್ಟ್ರೇಲಿಯಾದಲ್ಲಿ 2009ರಿಂದ ಬ್ರೆಡ್ಡಿಗೆ ಹಾಕುವ ಉಪ್ಪೇ ಅಯೋಡಿನ್ ಉಪ್ಪಾಗಿರಬೇಕು, ಸಾವಯವ ಬ್ರೆಡ್ಡಿಗೆ ಮಾತ್ರ ವಿನಾಯಿತಿ. ಮೂಲನಿವಾಸಿಗಳಾಗಲಿ ಇತರರಾಗಲಿ, ಬ್ರೆಡ್ ತಿನ್ನುವವರಿಗೆಲ್ಲ ಅಯೋಡಿನ್ ತಲುಪುವ ದಾರಿ ಅದು. ಹಾಗಿದ್ದೂ ಗರ್ಭಿಣಿಯರಿಗೆ ಬ್ರೆಡ್ ಒಂದೇ ಸಾಲದೆಂದು ಅಲ್ಲಿ ದಿನಕ್ಕೆ 150 ಮೈಕ್ರೋಗ್ರಾಂನ ಮಾತ್ರೆಯನ್ನೂ ಸೂಚಿಸುತ್ತಾರೆ. ನಮ್ಮಲ್ಲಿ ಪಾವ್, ಪೊಯ್‌ಗಳಂಥ ಗೋವಾದ ಬ್ರೆಡ್ಡುಗಳ ಮೇಲೆ ಅಂಥ ಭರವಸೆ ಇಡಲಾಗದು. ಇಲ್ಲಿ ದಾರಿಯೆಂದರೆ ಅಡುಗೆಮನೆಯ ಉಪ್ಪಿನ ಭರಣಿಯೇ. ಆದ್ದರಿಂದ ಕಾಣಕೋಣ, ಕೇಪೆ, ಸಾಂಗೆಗಳ ಒಳನಾಡಿನಲ್ಲಿರುವ ಗಾವಡಾ, ಕುಣಬಿ, ವೇಳಿಪ್ ಬುಡಕಟ್ಟಿನ ಮನೆಗಳಿಗೂ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕುಟುಂಬಗಳಿಗೂ ಬಿಡಿ ಉಪ್ಪು ಮಾರುವ ಸಣ್ಣ ಅಂಗಡಿಯವರ ಹೊಣೆ ದೊಡ್ಡದು. ನಿಮ್ಮ ಓಣಿಯ ಅಂಗಡಿಯಲ್ಲಿ ಗುರುತಿಲ್ಲದ ಉಪ್ಪು ಕಂಡರೆ ಪೊಟ್ಟಣದ ಉಪ್ಪು ತರಿಸುವಂತೆ ಸಮಾಧಾನದಿಂದಲೇ ಒತ್ತಾಯಿಸಿ.

ಮೀನು ತಿನ್ನದ ಮನೆಗಳಲ್ಲಿ ಹಾಲು, ಮೊಸರು ಸ್ವಲ್ಪ ಮಟ್ಟಿಗೆ ನೆರವಾಗುತ್ತವೆ. ಗರ್ಭಿಣಿಯಿರುವ ಮನೆಯವರು ಉಪ್ಪನ್ನು ಹೆಚ್ಚಿಸದೆ, ಮಾತ್ರೆ ಬೇಕೇ ಎಂದು ಮೊದಲ ತಪಾಸಣೆಯಲ್ಲೇ ವೈದ್ಯರನ್ನು ಕೇಳಬೇಕು. ರಕ್ತದೊತ್ತಡ ಇರುವವರು ಉಪ್ಪಿನ ಪ್ರಮಾಣವನ್ನು ಇಳಿಸಬೇಕೇ ಹೊರತು ಅಯೋಡಿನ್ ಇಲ್ಲದ ಉಪ್ಪಿಗೆ ಹೋಗಬಾರದು. ಥೈರಾಯ್ಡ್ ತೊಂದರೆ ಇದೆಯೆಂದು ತಾವಾಗಿಯೇ ಅಯೋಡಿನ್ ಉಪ್ಪು ಬಿಡುವವರೂ ಇದ್ದಾರೆ. ರೇಡಿಯೋ ಅಯೋಡಿನ್ ಚಿಕಿತ್ಸೆಯಂಥ ಸಂದರ್ಭಗಳಲ್ಲಿ ವೈದ್ಯರೇ ಕೆಲವು ದಿನ ಬಿಡಲು ಹೇಳುತ್ತಾರೆ, ಅವರು ಹೇಳದೆ ಬಿಡಬೇಡಿ.